ಮೀನಿಗೂ ಬೇಜಾರಾಗುತ್ತದೆಯೇ?

“ಎಂತ ಮಾರಾಯ, ಈ ಮೀನಿಗೆ ಬೇಜಾರಾಗಲ್ವಾ?”

ಕಳೆದ ವರ್ಷದ ಜುಲೈ ತಿಂಗಳ ಒಂದು ಸಂಜೆ ಕ್ಲಿನಿಕ್ ಮುಗಿಸಿ ಗ್ಲೆನ್ ವೇವರ್ಲಿಯ ನಮ್ಮ ಮನೆಯ ಬಾಗಿಲು ತೆಗೆದಾಗ ಅಮ್ಮ ಕೇಳಿದ ಪ್ರಶ್ನೆ ಇದು. ಮೆಲ್ಬರ್ನಿನ ಚಳಿಗಾಲ ನಿಮಗೆಲ್ಲ ಗೊತ್ತೇ ಇದೆ. ಐದೂವರೆಗೆ ಕತ್ತಲು, ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೀಟರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಮ್ಮ ಶಾಲು ಹೊದ್ದುಕೊಂಡು ಅಕ್ವೇರಿಯಂ ಎದುರು ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ನನ್ನ ಅಪ್ಪ ತೀರಿಹೋಗಿ ಆಗ ಒಂದು ವರ್ಷ. ಕೊಪ್ಪದ ಹತ್ತಿರದ ನಮ್ಮ ಊರಿನಿಂದ ಅವಳನ್ನು ಆರು ತಿಂಗಳ ಮಟ್ಟಿಗೆ ಕರೆದುಕೊಂಡು ಬಂದಿದ್ದೆ.

ಆ ಮೀನು ನಿಜವಾಗಿ ನನ್ನ ಮಗಳದ್ದು. ಶಾಲೆಯಲ್ಲಿದ್ದಾಗ ಹಟ ಮಾಡಿ ಎರಡು ಗೋಲ್ಡ್ ಫಿಶ್ ತರಿಸಿಕೊಂಡಿದ್ದಳು. ಬಿಳಿಯದಕ್ಕೆ ಇಡ್ಲಿ, ಕೆಂಪು ಬಣ್ಣದ್ದಕ್ಕೆ ಸಾಂಬಾರ್ ಎಂದು ನಾಮಕರಣವೂ ಆಗಿತ್ತು! ಆಮೇಲೆ ಅವಳು ಯೂನಿವರ್ಸಿಟಿಗೆಂದು ಸಿಡ್ನಿಗೆ ಹೋದಳು. ಮೀನುಗಳು ನಮ್ಮ ಪಾಲಿಗೆ ಬಂದವು. ಏಪ್ರಿಲ್‌ನಲ್ಲಿ ಇಡ್ಲಿ ಸತ್ತುಹೋಯಿತು. ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಅದರ ಸಂಸ್ಕಾರ ಮುಗಿಸಿ ನಾವು ಮರೆತೂಬಿಟ್ಟೆವು. ಉಳಿದದ್ದು ಸಾಂಬಾರ್ ಒಂದೇ.

ಬೆಳಿಗ್ಗೆ ಏಳೂವರೆಗೆ ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೊರಟರೆ ಸಂಜೆಯ ತನಕ ಮನೆಯಲ್ಲಿ ಇರುತ್ತಿದ್ದವರು ಇಬ್ಬರೇ. ಅಮ್ಮ ಮತ್ತು ಸಾಂಬಾರ್.

“ಜೊತೆಯದ್ದು ಹೋದ ಮೇಲೆ ಇದು ಮಂಕಾಗಿದೆ. ಮೂಲೆ ಬಿಟ್ಟು ಬರೋದಿಲ್ಲ. ಹಾಕಿದ್ದು ತಿನ್ನೋದಿಲ್ಲ. ನಾನು ದಿನಾ ನೋಡ್ತಾ ಇದ್ದೀನಲ್ಲ” ಎಂದಳು ಅಮ್ಮ.

ನಾನು ಎಂಬಿಬಿಎಸ್, ಎಂಡಿ. ಸುಮ್ಮನಿರಲು ಆಗುತ್ತದೆಯೇ? “ಅಮ್ಮ, ಮೀನಿನ ಮೆದುಳಿಗೆ ನಮ್ಮ ಹಾಗೆ ನಿಯೋಕಾರ್ಟೆಕ್ಸ್ ಅನ್ನುವ ಹೊರಪದರ ಇಲ್ಲ. ಬೇಜಾರು, ಒಂಟಿತನ ಎಲ್ಲ ಅದಕ್ಕೆ ಆಗೋದಿಲ್ಲ” ಎಂದು ಚಿಕ್ಕದೊಂದು ಭಾಷಣ ಮಾಡಿದೆ. ಅಮ್ಮ ನನ್ನ ಮುಖ ನೋಡಿ ಕೇಳಿದಳು: “ಹಾಗಂತ ಅದು ನಿಂಗೆ ಹೇಳಿತಾ?”

ಉತ್ತರವಿರಲಿಲ್ಲ. ಅಂದು ರಾತ್ರಿಯೇ ಈ ವಿಷಯ ಓದಲು ಕುಳಿತೆ. ಓದುತ್ತಾ ಹೋದಂತೆ ನನ್ನ ಭಾಷಣ ಎಷ್ಟು ಹಳೆಯದೆಂದು ತಿಳಿಯಿತು.

ಮೂರು ಸೆಕೆಂಡಿನ ನೆನಪು ಎಂಬ ಸುಳ್ಳು

ಗೋಲ್ಡ್ ಫಿಶ್‌ಗೆ ನೆನಪಿರುವುದು ಮೂರೇ ಸೆಕೆಂಡು ಎಂದು ನೀವೂ ಕೇಳಿರುತ್ತೀರಿ. ಗಾಜಿನ ಬುರುಡೆಯಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಹಳೆಯದೆಲ್ಲ ಮರೆತುಹೋಗುತ್ತದಂತೆ. ಆದ್ದರಿಂದ ಅದಕ್ಕೆ ಬೇಜಾರೇ ಇಲ್ಲವಂತೆ! ನಮ್ಮ ಮನಸ್ಸಿಗೆ ಬಹಳ ಅನುಕೂಲವಾದ ಮಾತು ಇದು.

2008ರಲ್ಲಿ ಅಡಿಲೇಡಿನ 15 ವರ್ಷದ ಶಾಲಾ ಹುಡುಗನೊಬ್ಬ ಈ ಮಾತನ್ನು ಪರೀಕ್ಷಿಸಿದ. ಊಟ ಹಾಕುವಾಗಲೆಲ್ಲ ನೀರಿನಲ್ಲಿ ಕೆಂಪು ಬಣ್ಣದ ಲೆಗೋ ತುಂಡೊಂದನ್ನು ಇಡುತ್ತಿದ್ದ. ಮೂರು ವಾರಗಳಲ್ಲಿ ಮೀನುಗಳು ಲೆಗೋ ಕಂಡ ತಕ್ಷಣ ಓಡಿ ಬರಲು ಕಲಿತವು. ಆಮೇಲೆ ಒಂದು ವಾರ ಲೆಗೋ ತೋರಿಸಲೇ ಇಲ್ಲ. ಮತ್ತೆ ಇಟ್ಟಾಗಲೂ ಅವು ಮರೆತಿರಲಿಲ್ಲ. ನಮ್ಮ ಮಕ್ಕಳೂ ಶಾಲೆಯ ಸೈನ್ಸ್ ಪ್ರಾಜೆಕ್ಟಿಗೆ ಮಾಡಬಹುದಾದ ಪ್ರಯೋಗ.

ಇನ್ನೂ ದೊಡ್ಡ ಪುರಾವೆ ಕೊಟ್ಟವರು ಈಗ ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾಲಯದಲ್ಲಿರುವ ಪ್ರೊಫೆಸರ್ ಕಲಮ್ ಬ್ರೌನ್. ಆಸ್ಟ್ರೇಲಿಯಾದ್ದೇ ಆದ ರೇನ್‌ಬೋ ಮೀನುಗಳ ಟ್ಯಾಂಕಿನಲ್ಲಿ ಅವರು ಒಂದು ಬಲೆಯನ್ನು ಈ ತುದಿಯಿಂದ ಆ ತುದಿಗೆ ಎಳೆದರು. ಬಲೆಯಲ್ಲಿ ಒಂದೇ ಒಂದು ತೂತು. ನಾಲ್ಕಾರು ಸಲ ಎಳೆಯುವುದರೊಳಗೆ ಮೀನುಗಳು ಆ ತೂತಿನಿಂದ ಪಾರಾಗುವುದನ್ನು ಕಲಿತವು. 11 ತಿಂಗಳ ನಂತರ ಅದೇ ಬಲೆ ಎಳೆದಾಗ ತೂತು ಎಲ್ಲಿದೆಯೆಂದು ಅವಕ್ಕೆ ನೆನಪಿತ್ತು. 2001ರಲ್ಲಿ ಪ್ರಕಟವಾದ ಸಂಶೋಧನೆ ಇದು. ಕಾರು ಪಾರ್ಕ್ ಮಾಡಿದ ಜಾಗ ಮರೆತು ಶಾಪಿಂಗ್ ಸೆಂಟರಿನಲ್ಲಿ ಅಲೆಯುವ ನಮಗಿಂತ ಅವೇ ವಾಸಿ!

ನೆನಪಿದೆ ಎಂದಾದರೆ ನಿನ್ನೆ ಇದ್ದದ್ದು ಇಂದು ಇಲ್ಲ ಎಂಬುದೂ ತಿಳಿಯಬಹುದಲ್ಲವೇ?

ಒಂಟಿತನದ ಲಕ್ಷಣಗಳು

ವೈದ್ಯನಾಗಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ ಸಂಗತಿ ಎಂದರೆ ಕಾರ್ಟಿಸಾಲ್. ನಮಗೆ ಒತ್ತಡವಾದಾಗ ರಕ್ತದಲ್ಲಿ ಏರುವ ಹಾರ್ಮೋನ್ ಅದು. ಪ್ರಯೋಗಶಾಲೆಯ ಇಲಿಗಳಲ್ಲಿ ಮುಖ್ಯ ಒತ್ತಡದ ಹಾರ್ಮೋನ್ ಬೇರೆ, ಕಾರ್ಟಿಕೊಸ್ಟೆರಾನ್. ಮೀನಿನಲ್ಲಿ ಮಾತ್ರ ನಮ್ಮಲ್ಲಿರುವ ಕಾರ್ಟಿಸಾಲ್! ಸೆರೊಟೋನಿನ್, ಡೋಪಮಿನ್ ಕೂಡ ಅದರ ಮೆದುಳಿನಲ್ಲಿವೆ. ತಾಯಿ ಮಗುವಿನ ಬಾಂಧವ್ಯದ ಹಾರ್ಮೋನ್ ಎಂದು ನಾವು ಓದಿದ ಆಕ್ಸಿಟೋಸಿನ್‌ಗೆ ಹತ್ತಿರದ ನೆಂಟ ಐಸೊಟೋಸಿನ್ ಕೂಡ ಇದೆ.

ಜೀಬ್ರಾ ಮೀನು ಗೊತ್ತಲ್ಲ? ಮೈಮೇಲೆ ನೀಲಿ ಪಟ್ಟೆಗಳಿರುವ, ಬೆರಳುದ್ದವೂ ಇಲ್ಲದ, ನಮ್ಮ ಭಾರತದ ಹೊಳೆಗಳ ಮೀನು. ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಅದೇ. ಹೊಸ ಟ್ಯಾಂಕಿಗೆ ಬಿಟ್ಟರೆ ಹೆದರಿದ ಜೀಬ್ರಾ ಮೀನು ತಳದಲ್ಲೇ ಇರುತ್ತದೆ. ಧೈರ್ಯ ಬಂದಂತೆ ನಿಧಾನವಾಗಿ ಮೇಲೆ ಬರುತ್ತದೆ. ಆತಂಕ ಕಡಿಮೆ ಮಾಡಲು ಮನುಷ್ಯರಿಗೆ ಕೊಡುವ ಔಷಧಿ ಕೊಟ್ಟರೆ ಬೇಗ ಮೇಲೆ ಬರುತ್ತದೆ. 2017ರಲ್ಲಿ ಪೋರ್ಚುಗಲ್ಲಿನ ವಿಜ್ಞಾನಿಗಳು ಇನ್ನೊಂದು ವಿಷಯ ತೋರಿಸಿದರು. ಹೆದರಿಕೆ ಹುಟ್ಟಿಸುವ ವಾಸನೆಯನ್ನು ನೀರಿಗೆ ಬೆರೆಸಿದಾಗ ಒಂಟಿ ಮೀನು ಬಹಳ ಗಾಬರಿಯಾಯಿತು. ಗಾಜಿನ ಆಚೆ ತನ್ನ ಬಳಗದ ಮೀನುಗಳು ಕಂಡರೆ ಗಾಬರಿ ಕಡಿಮೆಯಾಯಿತು. ಆಪರೇಷನ್ ಥಿಯೇಟರಿಗೆ ಹೋಗುವ ರೋಗಿ ಮನೆಯವರ ಮುಖ ನೋಡಿ ಸಮಾಧಾನಪಡುವುದನ್ನು ನಾನು ಎಷ್ಟು ಸಲ ಕಂಡಿಲ್ಲ!

ಫ್ರಾನ್ಸಿನ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮನಸ್ಸಿಗೆ ತಟ್ಟುವಂಥದ್ದು. ಕನ್ವಿಕ್ಟ್ ಸಿಕ್ಲಿಡ್ ಎಂಬ ಮೀನು ಜೋಡಿ ಕಟ್ಟಿಕೊಂಡು ಬಾಳುತ್ತದೆ. ಒಂದು ಬಗೆಯ ಡಬ್ಬಿಯ ಮುಚ್ಚಳ ತೆಗೆದರೆ ತಿಂಡಿ ಇರುತ್ತದೆ, ಇನ್ನೊಂದು ಬಗೆಯದರಲ್ಲಿ ಇಲ್ಲ ಎಂದು ಹೆಣ್ಣು ಮೀನುಗಳಿಗೆ ಕಲಿಸಿದರು. ಆಮೇಲೆ ಎರಡೂ ಅಲ್ಲದ ಅನುಮಾನದ ಡಬ್ಬಿಯೊಂದನ್ನು ಇಟ್ಟರು. ತಾನು ಮೆಚ್ಚಿದ ಗಂಡು ಜೊತೆಗಿದ್ದ ಹೆಣ್ಣು ‘ಇರಬಹುದು, ನೋಡೋಣ’ ಎಂಬಂತೆ ಹೋಗಿ ಮುಚ್ಚಳ ತೆಗೆಯಿತು. ಮೆಚ್ಚಿದ ಗಂಡನ್ನು ಕಳೆದುಕೊಂಡ ಹೆಣ್ಣು ‘ಇದರಲ್ಲೇನಿರುತ್ತದೆ ಬಿಡು’ ಎಂಬಂತೆ ತಡ ಮಾಡಿತು. ಮನುಷ್ಯರಾಗಿದ್ದರೆ ಇದನ್ನು ನಿರಾಶಾವಾದ ಎನ್ನುತ್ತಿದ್ದೆವು. ಮೀನಿನ ವಿಷಯದಲ್ಲೂ ಆ ವಿಜ್ಞಾನಿಗಳು ಅದೇ ಪದ ಬಳಸಿದ್ದಾರೆ.

ಬೇಜಾರು ಎಂದರೇನು?

ಒಂಟಿತನ ಒಂದಾದರೆ ಬೇಜಾರು ಇನ್ನೊಂದು. ಸುತ್ತ ಜನರಿದ್ದರೂ ಹೊತ್ತು ಹೋಗದಿರಬಹುದು. ಅದನ್ನು ಪ್ರಾಣಿಗಳಲ್ಲಿ ಅಳೆಯುವುದು ಹೇಗೆ? ಕೆನಡಾದ ಇಬ್ಬರು ಸಂಶೋಧಕಿಯರು 2012ರಲ್ಲಿ ಮಿಂಕ್ ಎಂಬ ಪ್ರಾಣಿಯ ಮೇಲೆ ಇದನ್ನು ಪ್ರಯತ್ನಿಸಿದರು. ಬರಿದಾದ ಪಂಜರದ ಮಿಂಕ್‌ಗಳು ಹೊಸದೇನು ಕಂಡರೂ ಓಡಿಬಂದವು. ತಮ್ಮನ್ನು ಹಿಡಿಯಲು ಬಳಸುವ ಕೈಗವಸು ಕಂಡರೂ! ಏನೂ ಇಲ್ಲದ್ದಕ್ಕಿಂತ ಹೆದರಿಕೆಯಾದರೂ ಆದೀತು ಎಂಬಷ್ಟು ಬೇಸರ.

ಮೀನಿನಲ್ಲಿ ಇಷ್ಟು ನೇರವಾಗಿ ‘ಬೇಜಾರು’ ಎಂದು ಹೇಳುವುದು ಕಷ್ಟ. ಆದರೆ ಬರಿದಾದ ಟ್ಯಾಂಕು ಮೀನಿಗೆ ಒಳ್ಳೆಯದಲ್ಲ ಎಂಬುದಕ್ಕೆ ಪುರಾವೆ ಇದೆ. ನಾರ್ವೆಯಲ್ಲಿ ಸಾಲ್ಮನ್ ಮರಿಗಳ ಟ್ಯಾಂಕಿನಲ್ಲಿ ಕಲ್ಲು, ಕೃತಕ ಗಿಡಗಳನ್ನು ಇಟ್ಟು ವಾರ ವಾರ ಅವುಗಳ ಜಾಗ ಬದಲಿಸಿದರು. ಬರಿದಾದ ಟ್ಯಾಂಕಿನ ಮರಿಗಳಿಗಿಂತ ಇವು ದಾರಿ ಹುಡುಕುವುದರಲ್ಲಿ ಚುರುಕಾದವು. ಮೆದುಳಿನಲ್ಲೂ ವ್ಯತ್ಯಾಸ ಕಂಡಿತು. ಇದು 2013ರ ಸಂಶೋಧನೆ.

ಜಪಾನಿನ ಶಿಮೊನೊಸೆಕಿಯ ಕಾಯ್ಕ್ಯೋಕನ್ ಅಕ್ವೇರಿಯಂನ ಸುದ್ದಿ 2025ರ ಜನವರಿಯಲ್ಲಿ ನಿಮ್ಮ ವಾಟ್ಸಾಪಿಗೂ ಬಂದಿರಬಹುದು. 2024ರ ಡಿಸೆಂಬರಿನಲ್ಲಿ ರಿಪೇರಿಗೆಂದು ಬಾಗಿಲು ಹಾಕಿದ ಮೇಲೆ ಅಲ್ಲಿನ ಸನ್‌ಫಿಶ್ ಊಟ ಬಿಟ್ಟಿತು, ಟ್ಯಾಂಕಿಗೆ ಮೈ ಉಜ್ಜತೊಡಗಿತು. ಹೊಟ್ಟೆಯಲ್ಲಿ ಹುಳವೇ, ಬೇರೆ ಕಾಯಿಲೆಯೇ ಎಂದು ಯೋಚಿಸಿದ್ದಾಯಿತು. ಕೊನೆಗೆ, ನೋಡಲು ಬರುವ ಜನರಿಲ್ಲದೆ ಬೇಜಾರಾಗಿರಬಹುದು ಎಂದು ಒಬ್ಬರು ಹೇಳಿದರು. ಗಾಜಿನ ಹೊರಗೆ ಸಿಬ್ಬಂದಿಯ ಸಮವಸ್ತ್ರಗಳನ್ನು ತೂಗುಹಾಕಿ ಮನುಷ್ಯರ ಮುಖದ ಚಿತ್ರಗಳನ್ನು ಅಂಟಿಸಿದರು. ಮಾರನೆಯ ದಿನವೇ ಮೀನು ಚೇತರಿಸಿಕೊಂಡಿತು! ಒಂದು ಮೀನಿನ ಕಥೆ ವಿಜ್ಞಾನವಲ್ಲ, ಒಪ್ಪುತ್ತೇನೆ. ಆದರೂ ಓದಿ ನಗುವವರು ನಗಲಿ, ನನಗೆ ಮಾತ್ರ ಶಾಲು ಹೊದ್ದು ಅಕ್ವೇರಿಯಂ ಎದುರು ಕುಳಿತಿದ್ದ ಅಮ್ಮನ ನೆನಪಾಯಿತು.

ಇನ್ನೊಂದು ಕಡೆಯ ವಾದ

ಎಲ್ಲರೂ ಇದನ್ನು ಒಪ್ಪಿಲ್ಲ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಬ್ರಯಾನ್ ಕೀ 2016ರಲ್ಲಿ ಮೀನಿಗೆ ನೋವೇ ತಿಳಿಯದು ಎಂದು ವಾದಿಸಿದರು. ನೋವಿನ ಅನುಭವಕ್ಕೆ ಬೇಕಾದ ಮೆದುಳಿನ ರಚನೆಯೇ ಅದಕ್ಕಿಲ್ಲ ಎಂಬುದು ಅವರ ವಾದ. ನಾನು ಅಮ್ಮನಿಗೆ ಒಪ್ಪಿಸಿದ್ದ ಪಾಠವೂ ಅದೇ. ಆದರೆ 2003ರಲ್ಲೇ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿಗೆ ನೋವಿನ ನರತುದಿಗಳಿವೆ ಎಂದು ತೋರಿಸಿದ್ದರು. ತುಟಿಗೆ ಆಮ್ಲ ಚುಚ್ಚಿದಾಗ ಮೀನು ತುಟಿಯನ್ನು ಕಲ್ಲಿಗೆ ಉಜ್ಜಿತು, ಊಟ ಬಿಟ್ಟಿತು. ಮಾರ್ಫಿನ್ ಕೊಟ್ಟಾಗ ಆ ವರ್ತನೆ ಇಳಿಯಿತು. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಹಲವು ವಿಜ್ಞಾನಿಗಳು, ತತ್ತ್ವಜ್ಞಾನಿಗಳು ಸೇರಿ ಹೊರಡಿಸಿದ ಹೇಳಿಕೆಯಲ್ಲಿ, ಮೀನೂ ಸೇರಿದಂತೆ ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಿಗೂ ಅರಿವಿರುವ ನಿಜವಾದ ಸಾಧ್ಯತೆ ಇದೆ ಎಂದಿದ್ದಾರೆ.

ಮೀನಿನ ಬೇಜಾರು ನಮ್ಮ ಬೇಜಾರಿನಂತೆಯೇ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ನಾವು ಹಳೆಯ ಫೋಟೋ ನೋಡಿ ಕಣ್ಣೀರು ಹಾಕಿದ ಹಾಗೆ ಅದು ಹಾಕಲಾರದು. ಆದರೆ ‘ಏನೂ ಇಲ್ಲ’ ಎಂದು ನಾನು ಅಂದು ಹೇಳಿದಷ್ಟು ಸುಲಭವಾಗಿ ಇಂದು ಹೇಳಲಾರೆ.

ಕಾನೂನುಗಳೂ ಇದನ್ನು ಗುರುತಿಸಿವೆ. ನಮ್ಮ ವಿಕ್ಟೋರಿಯಾದ 1986ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮೀನೂ ಸೇರಿತು. ಇಟಲಿಯ ಮೊಂಜಾ ನಗರ 2004ರಲ್ಲಿ, ರೋಮ್ 2005ರಲ್ಲಿ ದುಂಡನೆಯ ಗಾಜಿನ ಬುರುಡೆಯಲ್ಲಿ ಗೋಲ್ಡ್ ಫಿಶ್ ಇಡುವುದನ್ನು ನಿಷೇಧಿಸಿದವು. ಗುಂಪಿನಲ್ಲಿ ಬಾಳುವ ಸಾಕುಪ್ರಾಣಿಗಳಿಗೆ ತಮ್ಮ ಜಾತಿಯ ಜೊತೆ ಇರಬೇಕೆಂದು ಸ್ವಿಟ್ಜರ್ಲೆಂಡಿನ 2008ರ ನಿಯಮ ಹೇಳುತ್ತದೆ.

ಊರು ಬಿಟ್ಟ ಮೀನುಗಳು

ನಾನು ಮೊದಲು ದೊಡ್ಡ ಅಕ್ವೇರಿಯಂ ಕಂಡದ್ದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ. 1983ರಲ್ಲಿ ಅದು ಶುರುವಾದ ಹೊಸದರಲ್ಲಿ ಅಪ್ಪ ನಮ್ಮನ್ನು ಕರೆದೊಯ್ದಿದ್ದರು. ಅಷ್ಟು ಬಣ್ಣದ ಮೀನುಗಳನ್ನು ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಅವುಗಳಿಗೆ ಏನನ್ನಿಸುತ್ತದೆ ಎಂದು ಅಂದು ಹೊಳೆದಿರಲಿಲ್ಲ.

ಅಮ್ಮನ ಕಣ್ಣಿನಲ್ಲಿರುವ ಮೀನು ಬೇರೆ. ಅವಳಿಗೆ ಮೀನೆಂದರೆ ಶೃಂಗೇರಿಯ ತುಂಗೆಯ ಮೀನು. ಮಂಡಕ್ಕಿ ಎರಚಿದರೆ ಮೆಟ್ಟಿಲ ಬಳಿ ಮೈಗೆ ಮೈ ತಾಗಿಸಿಕೊಂಡು ಮುಗಿಬೀಳುವ ದೇವರ ಮೀನುಗಳು. ಅಲ್ಲಿ ಹಿಡಿಯುವಂತಿಲ್ಲ. ಬೇಕಾದರೆ ಬರುತ್ತವೆ, ಬೇಡವಾದರೆ ಹೊಳೆಯ ನಡುವಿಗೆ ಹೋಗುತ್ತವೆ. “ಅಲ್ಲಿ ಒಂದು ಮೀನು ಒಂಟಿಯಾಗಿ ನಿಂತಿದ್ದು ನಾನು ಕಾಣೆ” ಎನ್ನುತ್ತಾಳೆ.

ನಮ್ಮ ಹಾಗೆ ಊರು ಬಿಟ್ಟು ಹೊರಟ ಮೀನುಗಳೂ ಇವೆ. ಕೆಂಪು ಮತ್ತು ಕಪ್ಪು ಗೆರೆಯ ‘ಮಿಸ್ ಕೇರಳ’ ಎಂಬ ಚೆಲುವಾದ ಮೀನು ಪಶ್ಚಿಮ ಘಟ್ಟದ ಹೊಳೆಗಳದ್ದು, ಕಾಸರಗೋಡಿನ ಚಂದ್ರಗಿರಿ ಹೊಳೆಯದ್ದೂ ಹೌದು. ಸ್ವಭಾವತಃ ಗುಂಪಿನಲ್ಲಿ ಓಡಾಡುವ ಜಾತಿ. ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದೂ ಹಿಡಿದೂ ಇಂದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಆಸ್ಟ್ರೇಲಿಯಾದ ಶ್ವಾಸಕೋಶ ಮೀನೊಂದು 1933ರಲ್ಲಿ ಸಿಡ್ನಿಯಿಂದ ಹಡಗಿನಲ್ಲಿ ಶಿಕಾಗೋದ ಶೆಡ್ ಅಕ್ವೇರಿಯಂಗೆ ಹೋಯಿತು. ‘ಗ್ರ್ಯಾಂಡ್‌ಡ್ಯಾಡ್’, ಅಂದರೆ ಅಜ್ಜ, ಎಂದು ಹೆಸರಾದ ಅದು 2017ರಲ್ಲಿ ಅಲ್ಲೇ ಕೊನೆಯುಸಿರೆಳೆಯಿತು. ಎಂಟು ದಶಕಕ್ಕೂ ಮಿಕ್ಕ ವಿದೇಶವಾಸ!

ಸಾಂಬಾರ್‌ನ ಚಿಕಿತ್ಸೆ

ಇಷ್ಟೆಲ್ಲ ಓದಿದ ಮೇಲೆ ಸಾಂಬಾರ್‌ನ ಕಡೆ ಬಂದೆ. ಎಚ್ಚರಿಕೆಯ ಮಾತೊಂದು ಮೊದಲೇ ಹೇಳಿಬಿಡುತ್ತೇನೆ. ಮೀನು ಮಂಕಾದರೆ ಮೊದಲು ಪರೀಕ್ಷಿಸಬೇಕಾದದ್ದು ನೀರನ್ನು, ಮನಸ್ಸನ್ನಲ್ಲ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾ, ನೈಟ್ರೈಟ್ ಎರಡೂ ಕಣ್ಣಿಗೆ ಕಾಣದ ವಿಷಗಳು. ಎರಡೂ ಸೊನ್ನೆ ಇರಬೇಕು. ಅದಕ್ಕೆ ಪರೀಕ್ಷೆಯ ಕಿಟ್ ಸಿಗುತ್ತದೆ. ಆಮೇಲೆ ಮೈಮೇಲಿನ ಬಿಳಿ ಚುಕ್ಕೆ, ಹುಣ್ಣು, ಉಬ್ಬಿದ ಹೊಟ್ಟೆ ನೋಡಬೇಕು. ನಾನು ಎಲ್ಲ ನೋಡಿದೆ. ನೀರು ಸರಿಯಾಗಿತ್ತು, ಕಾಯಿಲೆಯ ಗುರುತೂ ಇರಲಿಲ್ಲ. ಮೀನು ಮಾತ್ರ ಮೂಲೆ ಬಿಡಲಿಲ್ಲ.

ಆಗ ನನಗೆ ಇನ್ನೊಂದು ಪರೀಕ್ಷೆಯ ರಿಪೋರ್ಟ್ ನೆನಪಾಯಿತು. ಬಂದ ಎರಡು ತಿಂಗಳಲ್ಲಿ ಅಮ್ಮ ನಾಲ್ಕು ಕಿಲೋ ಇಳಿದಿದ್ದಳು. ಊಟ ಸೇರುತ್ತಿರಲಿಲ್ಲ. ಪರಿಚಯದ ಜಿಪಿಯ ಹತ್ತಿರ ಕರೆದುಕೊಂಡು ಹೋಗಿ ಶುಗರ್, ಥೈರಾಯ್ಡ್, ಬಿ12 ಎಲ್ಲ ನೋಡಿಸಿದ್ದೆ. ಎಲ್ಲ ನಾರ್ಮಲ್. “ಏನೂ ತೊಂದರೆ ಇಲ್ಲಮ್ಮ” ಎಂದು ಫೈಲ್ ಮುಚ್ಚಿಟ್ಟಿದ್ದೆ. ಅವಳು ಮೀನಿನ ಬಗ್ಗೆ ಹೇಳಿದಾಗಲೂ ನನಗೆ ಕೇಳಿಸಿದ್ದು ಮೀನಿನ ಬಗ್ಗೆ ಮಾತ್ರ. ಮೂವತ್ತು ವರ್ಷ ರೋಗಿಗಳ ಮಾತು ಕೇಳಿದವನು ನಾನು!

ಆ ಶನಿವಾರ ಎರಡು ಕೆಲಸ ಮಾಡಿದೆ. ಮೂರು ಗೋಲ್ಡ್ ಫಿಶ್‌ಗೆ ಸಾಲುವ ದೊಡ್ಡ ಟ್ಯಾಂಕ್ ತಂದೆ. ಇನ್ನೆರಡು ಮೀನು ತಂದು ರೋಗ ಹರಡದಿರಲೆಂದು ಎರಡು ವಾರ ಬೇರೆಯಾಗಿ ಇಟ್ಟು ಆಮೇಲೆ ಸೇರಿಸಿದೆ. ಅಮ್ಮನನ್ನು ಕಿಂಗ್ಸ್‌ವೇಯ ಲೈಬ್ರರಿಗೆ ಕರೆದೊಯ್ದೆ, ನಮ್ಮ ಕನ್ನಡ ಬಳಗದ ಹಿರಿಯರ ಪರಿಚಯ ಮಾಡಿಸಿದೆ. ಶಿವಮೊಗ್ಗದ ಕಡೆಯವರೊಬ್ಬರು ಸಿಕ್ಕಿದ್ದೇ ತಡ, ಇಬ್ಬರೂ ಹಲಸಿನ ಹಪ್ಪಳದ ಮಾತಿಗೆ ಇಳಿದರು. ನಾನು ಒಂದು ಗಂಟೆ ಕಾರಿನಲ್ಲಿ ಕಾಯಬೇಕಾಯಿತು.

ಜೊತೆ ಸೇರಿದ ನಾಲ್ಕನೆಯ ದಿನ ಸಾಂಬಾರ್ ಮೂಲೆ ಬಿಟ್ಟು ಬಂದು ತಿಂದಿತು. ದೊಡ್ಡ ಟ್ಯಾಂಕಿನಿಂದಲೋ ಹೊಸ ಜೊತೆಯಿಂದಲೋ ಹೇಳಲಾರೆ. ಎರಡೂ ಬದಲಾಗಿತ್ತಲ್ಲ. ಅಮ್ಮನ ಮಟ್ಟಿಗೆ ಅನುಮಾನವೇ ಇರಲಿಲ್ಲ.

ಮೀನು ಸಾಕುವ ಮಿತ್ರರಿಗೆ

• ಮೀನು ತರುವ ಮೊದಲು ಅದರ ಸ್ವಭಾವ ತಿಳಿಯಿರಿ. ಟೆಟ್ರಾ, ಜೀಬ್ರಾ ಮೀನುಗಳು ಕನಿಷ್ಠ ಐದಾರು ಇರಲಿ. ಗೋಲ್ಡ್ ಫಿಶ್‌ಗೂ ಜೊತೆ ಬೇಕು. ಸಯಾಮೀಸ್ ಫೈಟರ್ ಗಂಡಿಗೆ ಮಾತ್ರ ಒಂಟಿ ಬಾಳೇ ಕ್ಷೇಮ, ಎರಡು ಗಂಡು ಸೇರಿದರೆ ಜಗಳ ಖಂಡಿತ.

• ದುಂಡು ಬುರುಡೆ ಬೇಡ. ಗೋಲ್ಡ್ ಫಿಶ್ ಹತ್ತಾರು ವರ್ಷ ಬಾಳುವ ಜೀವ. 1956ರಲ್ಲಿ ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ‘ಟಿಶ್’ 1999ರ ತನಕ ಇತ್ತು!

• ಗಿಡ, ಕಲ್ಲು, ಅಡಗಲು ಜಾಗ ಇರಲಿ. ಆಗಾಗ ಅವುಗಳ ಜಾಗ ಸ್ವಲ್ಪ ಬದಲಿಸಿ. ರಾತ್ರಿ ದೀಪ ಆರಿಸಿ. ಗಾಜು ತಟ್ಟಬೇಡಿ.

• ಊಟ ಬಿಡುವುದು, ರೆಕ್ಕೆ ಮುದುರುವುದು, ಬಣ್ಣ ಮಾಸುವುದು, ಗಾಜಿನ ಉದ್ದಕ್ಕೂ ಮೇಲೆ ಕೆಳಗೆ ಓಡುತ್ತಲೇ ಇರುವುದು ಕಂಡರೆ ಅಲಕ್ಷ್ಯ ಬೇಡ.

• ಸಾಕಿ ಸಾಕಾಯಿತೆಂದು ಕೆರೆಗೋ ತೊರೆಗೋ ಬಿಡಬೇಡಿ. ಇಲ್ಲಿನ ಮೀನುಗಳಿಗೆ ಅದು ಕಂಟಕ.

ಡಿಸೆಂಬರಿನಲ್ಲಿ ಅಮ್ಮ ಊರಿಗೆ ಮರಳಿದಳು. ಹೋಗುವಾಗ ಕಳೆದ ನಾಲ್ಕು ಕಿಲೋದಲ್ಲಿ ಮೂರು ವಾಪಸ್ಸು ಬಂದಿತ್ತು. ಇರಿ ಎಂದರೆ ಇರಲಿಲ್ಲ. “ಇಲ್ಲಿ ಎಲ್ಲ ಚೆನ್ನಾಗಿದೆ ಮಾರಾಯ. ಆದ್ರೆ ನನ್ನ ಹೊಳೆ ಅಲ್ಲಿದೆ” ಎಂದಳು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ತಮ್ಮನ ಮನೆಯಲ್ಲಿ ಈಗ ನೆಮ್ಮದಿಯಾಗಿದ್ದಾಳೆ. ವಾರಕ್ಕೆರಡು ಸಲ ವಾಟ್ಸಾಪಿನಲ್ಲಿ ಮುಖ ನೋಡಿ ಮಾತಾಡುತ್ತೇವೆ. ಮೊದಲ ಪ್ರಶ್ನೆ ನನ್ನ ಬಗ್ಗೆಯಲ್ಲ. “ಸಾಂಬಾರ್ ತಿಂತಾ?” ಎಂದೇ ಕೇಳುತ್ತಾಳೆ. ಫೋನನ್ನು ಅಕ್ವೇರಿಯಂ ಎದುರು ಹಿಡಿಯುತ್ತೇನೆ. ಅದನ್ನು ನೋಡಿಯಾದ ಮೇಲೆ ನನ್ನ ಸರದಿ.

ಈ ಹಬ್ಬಕ್ಕೆ ನಿಮ್ಮ ಮನೆಗೂ ಊರಿನಿಂದ ಅಪ್ಪ ಅಮ್ಮ ಬಂದಿರಬಹುದು. ನೀವು ಕೆಲಸಕ್ಕೆ ಹೋದ ಮೇಲೆ ಅವರ ಹೊತ್ತು ಹೇಗೆ ಹೋಗುತ್ತದೆ ಎಂದು ಒಮ್ಮೆ ಕೇಳಿ. ಮೀನಿನ ಸುದ್ದಿ ಹೇಳಿದರೆ, ದಯವಿಟ್ಟು ಪೂರ್ತಿ ಕೇಳಿಸಿಕೊಳ್ಳಿ.